ಅಂಚೆಯವನ ಹಾಡುಗಳು: ಜಾನ್ ಪ್ರೈನ್ ಅವರ ಐವತ್ತು ವರ್ಷಗಳ ದಾರಿ

ಅಮೆರಿಕದಲ್ಲಿ ಮೂವತ್ತು, ನಲವತ್ತು ವರ್ಷ ಬಾಳಿ, ಮಕ್ಕಳನ್ನು ಓದಿಸಿ, ಈಗ ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಿರುವ ನಮ್ಮಲ್ಲಿ ಬಹಳ ಮಂದಿಗೆ ಈ ನೆಲದ ಜನಪದ ಸಂಗೀತದ ಪರಿಚಯ ಕಡಿಮೆ. ನಮ್ಮ ಕಾರಿನಲ್ಲಿ ಪಿ.ಬಿ. ಶ್ರೀನಿವಾಸ್, ರಾಜ್‌ಕುಮಾರ್, ಅಶ್ವಥ್. ಮಕ್ಕಳ ಕೋಣೆಯಲ್ಲಿ ಆಯಾ ವರ್ಷ ಯಾವುದು ಚಾಲ್ತಿಯಲ್ಲಿದೆಯೋ ಅದು. ಇವೆರಡರ ನಡುವೆ, ನಮ್ಮ ಪಕ್ಕದ ಮನೆಯವರ, ಸಹೋದ್ಯೋಗಿಗಳ, ನನ್ನಂಥ ವೈದ್ಯರ ಬಳಿ ಬಂದ ರೋಗಿಗಳ ಬದುಕನ್ನು ಹಾಡಾಗಿಸಿದವರು ಯಾರು ಎಂದು ನಾವು ವಿಚಾರಿಸಿದ್ದು ಅಪರೂಪ. ಅಂಥ ಒಬ್ಬರು ಜಾನ್ ಪ್ರೈನ್ (1946-2020). ಅವರ ವೃತ್ತಿಜೀವನವನ್ನು ಪರಿಚಯಿಸಿ, ಅದರ ಬೆಲೆ ಏನು ಎಂದು ತೂಗಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ಒಂದು ಮಾತು. ನಮ್ಮ ಸುಗಮ ಸಂಗೀತದಲ್ಲಿ ಕವಿ ಬೇರೆ, ರಾಗ ಸಂಯೋಜಕ ಬೇರೆ, ಎಷ್ಟೋ ಸಲ ಗಾಯಕರೂ ಬೇರೆ. ಬೇಂದ್ರೆ, ಕೆ.ಎಸ್. ನರಸಿಂಹಸ್ವಾಮಿ ಬರೆದರು, ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಅವರಂಥವರು ಅದಕ್ಕೆ ದನಿ ಕೊಟ್ಟರು. ಪ್ರೈನ್ ಸೇರಿದ ಪರಂಪರೆಯಲ್ಲಿ ಒಬ್ಬನೇ ಮನುಷ್ಯ ಪದ ಕಟ್ಟಿ, ಮಟ್ಟು ಹಾಕಿ, ಗಿಟಾರ್ ಹಿಡಿದು ತಾನೇ ಹಾಡುತ್ತಾನೆ. ನಮ್ಮಲ್ಲಿ ಇದಕ್ಕೆ ಹತ್ತಿರದವರು ಹರಿದಾಸರು ಮತ್ತು ತತ್ವಪದಕಾರರು. ಶಿಶುನಾಳ ಷರೀಫರು ಊರಿನ ಬೀದಿಯಲ್ಲಿ ಕಂಡದ್ದನ್ನೇ ಪದ ಮಾಡಿದ ಹಾಗೆ ಪ್ರೈನ್ ಕೂಡ ತಮ್ಮ ಊರಿನ ಬೀದಿಯಲ್ಲಿ ಕಂಡದ್ದನ್ನೇ ಹಾಡಿದರು. ಷರೀಫರ ಹಾಡಿನಲ್ಲಿ ಬೀದಿಯ ಹಿಂದೆ ಒಂದು ತತ್ವ ಇರುತ್ತದೆ. ಪ್ರೈನ್ ಅವರ ಹಾಡಿನಲ್ಲಿ ಬೀದಿಯ ಹಿಂದೆ ಮತ್ತೊಂದು ಮನೆ, ಆ ಮನೆಯೊಳಗೆ ಒಬ್ಬಂಟಿಯಾಗಿ ಕೂತ ಒಬ್ಬ ಮನುಷ್ಯ. ವ್ಯತ್ಯಾಸ ಅಷ್ಟೇ.

ಮೇವುಡ್‌ನ ಪೋಸ್ಟ್‌ಮ್ಯಾನ್

ಪ್ರೈನ್ ಹುಟ್ಟಿದ್ದು 1946ರ ಅಕ್ಟೋಬರ್ 10ರಂದು, ಷಿಕಾಗೋ ನಗರದ ಪಶ್ಚಿಮಕ್ಕಿರುವ ಮೇವುಡ್ ಎಂಬ ಕಾರ್ಮಿಕರ ಊರಿನಲ್ಲಿ. ತಂದೆ ಕಾರ್ಖಾನೆಯಲ್ಲಿ ಟೂಲ್ ಅಂಡ್ ಡೈ ಕೆಲಸಗಾರ. ತಂದೆತಾಯಿಯರ ಮೂಲ ಕೆಂಟಕಿ ರಾಜ್ಯದ ಮ್ಯೂಲೆನ್‌ಬರ್ಗ್ ಕೌಂಟಿ, ಕಲ್ಲಿದ್ದಲಿನ ಸೀಮೆ. ಕೂಲಿ ಅರಸಿ ಉತ್ತರಕ್ಕೆ ಬಂದ ಸಾವಿರಾರು ಕುಟುಂಬಗಳಲ್ಲಿ ಇವರದೂ ಒಂದು. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹಳೆಯ ಊರಿಗೆ ಹೋಗುವುದು ಮನೆಯ ವಾಡಿಕೆ. ನಮಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಹದಿನಾಲ್ಕನೆಯ ವಯಸ್ಸಿನಲ್ಲಿ ಅಣ್ಣನಿಂದ ಗಿಟಾರ್ ಕಲಿತರು. ಷಿಕಾಗೋದ ಓಲ್ಡ್ ಟೌನ್ ಸ್ಕೂಲ್ ಆಫ್ ಫೋಕ್ ಮ್ಯೂಸಿಕ್‌ನಲ್ಲಿ ಕೆಲವು ಕಾಲ ಪಾಠ ಹೇಳಿಸಿಕೊಂಡರು. 1960ರ ದಶಕದಲ್ಲಿ ಸೈನ್ಯಕ್ಕೆ ಕಡ್ಡಾಯ ಕರೆ ಬಂತು. ಅದೃಷ್ಟವಶಾತ್ ವಿಯೆಟ್ನಾಂಗೆ ಹೋಗುವ ಬದಲು ಪಶ್ಚಿಮ ಜರ್ಮನಿಯಲ್ಲಿ ಸೈನ್ಯದ ವಾಹನಗಳನ್ನು ರಿಪೇರಿ ಮಾಡುವ ಕೆಲಸ ಸಿಕ್ಕಿತು. ಅದಕ್ಕೆ ಮುಂಚೆಯೂ ನಂತರವೂ ಅವರು ಪೋಸ್ಟ್‌ಮ್ಯಾನ್. ಅಂಚೆಯ ದಾರಿ ಎಂದರೆ ಪುಸ್ತಕಗಳಿಲ್ಲದ ಗ್ರಂಥಾಲಯ ಇದ್ದ ಹಾಗೆ ಎಂಬ ಅರ್ಥದಲ್ಲಿ ಅವರು ಮುಂದೆ ಹೇಳಿಕೊಂಡಿದ್ದಾರೆ. ಕಾಲು ತನ್ನಷ್ಟಕ್ಕೆ ನಡೆಯುತ್ತದೆ, ಕೈ ಕಾಗದ ಹಾಕುತ್ತದೆ, ತಲೆ ಖಾಲಿ. ಆ ಖಾಲಿ ತಲೆಯಲ್ಲಿ ಹಾಡುಗಳು ಹುಟ್ಟಿದವು.

ಷಿಕಾಗೋದ ಆರ್ಮಿಟೇಜ್ ರಸ್ತೆಯಲ್ಲಿ 'ಫಿಫ್ತ್ ಪೆಗ್' ಎಂಬ ಸಣ್ಣ ಜಾಗವಿತ್ತು. ಯಾರು ಬೇಕಾದರೂ ವೇದಿಕೆ ಏರಿ ಹಾಡಬಹುದಾದ ಒಂದು ರಾತ್ರಿ ಪ್ರೈನ್ ಅಲ್ಲಿ ತಮ್ಮ ಹಾಡುಗಳನ್ನು ಮೊದಲ ಬಾರಿಗೆ ಜನರ ಮುಂದೆ ಹಾಡಿದರು. ಹಾಡು ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲವಂತೆ, ಸುಮ್ಮನೆ ನೋಡುತ್ತ ಕೂತಿದ್ದರಂತೆ. ಕೆಟ್ಟು ಹೋಯಿತು ಎಂದುಕೊಳ್ಳುವಷ್ಟರಲ್ಲಿ ಚಪ್ಪಾಳೆ ಬಂತು. 1970ರ ಅಕ್ಟೋಬರ್‌ನಲ್ಲಿ ಷಿಕಾಗೋ ಸನ್-ಟೈಮ್ಸ್ ಪತ್ರಿಕೆಯ ಚಲನಚಿತ್ರ ವಿಮರ್ಶಕ ರೋಜರ್ ಈಬರ್ಟ್ ಈ ಹಾಡುವ ಅಂಚೆಯವನ ಬಗ್ಗೆ ಬರೆದರು. ಅದು ಪ್ರೈನ್ ಅವರಿಗೆ ಬಂದ ಮೊದಲ ವಿಮರ್ಶೆ. ಗೆಳೆಯ ಸ್ಟೀವ್ ಗುಡ್‌ಮನ್ ಅವರ ಒತ್ತಾಯಕ್ಕೆ ಮಣಿದು ಕ್ರಿಸ್ ಕ್ರಿಸ್ಟಾಫರ್ಸನ್ ಬಂದು ಕೇಳಿದರು. 1971ರಲ್ಲಿ ಅಟ್ಲಾಂಟಿಕ್ ಕಂಪನಿ ಅವರ ಹೆಸರಿನದೇ ಮೊದಲ ರೆಕಾರ್ಡ್ ಹೊರತಂದಿತು. ಆಗ ಅವರಿಗೆ ಇಪ್ಪತ್ತನಾಲ್ಕು, ಇಪ್ಪತ್ತೈದು ವರ್ಷ.

ಮೂರು ಹಾಡುಗಳು

ಆ ಮೊದಲ ರೆಕಾರ್ಡಿನ ಮೂರು ಹಾಡುಗಳನ್ನು ಹತ್ತಿರದಿಂದ ನೋಡಿದರೆ ಅವರ ಕೆಲಸದ ರೀತಿ ತಿಳಿಯುತ್ತದೆ.

'ಸ್ಯಾಮ್ ಸ್ಟೋನ್' ವಿಯೆಟ್ನಾಂ ಯುದ್ಧದಿಂದ ಮನೆಗೆ ಮರಳಿದ ಒಬ್ಬ ಸೈನಿಕನ ಕಥೆ. ಗಾಯದ ನೋವಿಗೆ ಕೊಟ್ಟ ಮಾರ್ಫಿನ್ ಚಟವಾಗುತ್ತದೆ. ಕೆಲಸ ಹೋಗುತ್ತದೆ, ಮನೆ ಹೋಗುತ್ತದೆ, ಕಡೆಗೆ ಅವನೂ ಹೋಗುತ್ತಾನೆ. ಇಷ್ಟನ್ನೇ ಹೇಳಿದ್ದರೆ ಅದು ಆ ಕಾಲದ ನೂರಾರು ಪ್ರತಿಭಟನೆಯ ಹಾಡುಗಳಲ್ಲಿ ಒಂದಾಗಿ ಮರೆತುಹೋಗುತ್ತಿತ್ತು. ಪ್ರೈನ್ ಮಾಡಿದ್ದು ಬೇರೆ. ಚರಣಗಳನ್ನು ದೂರ ನಿಂತವನೊಬ್ಬ ಹೇಳುತ್ತಾನೆ, ಪಲ್ಲವಿಯನ್ನು ಮಾತ್ರ ಆ ಮನೆಯ ಮಗು ಹೇಳುತ್ತದೆ. ಮಗುವಿಗೆ ಯುದ್ಧ ಗೊತ್ತಿಲ್ಲ, ಮಾರ್ಫಿನ್ ಗೊತ್ತಿಲ್ಲ. ಅಪ್ಪನ ತೋಳಿಗೂ ಮನೆಯ ದುಡ್ಡು ಖಾಲಿಯಾಗುವುದಕ್ಕೂ ಏನೋ ಸಂಬಂಧವಿದೆ ಎಂಬಷ್ಟು ಮಾತ್ರ ಕಾಣುತ್ತದೆ. ನಾವು ವೈದ್ಯರು ರೋಗಿಯ ಚರಿತ್ರೆ ಬರೆಯುವಾಗ ಪ್ರಮಾಣ, ಅವಧಿ, ಹಿಂದಿನ ಚಿಕಿತ್ಸೆ ಎಲ್ಲವನ್ನೂ ಬರೆಯುತ್ತೇವೆ. ಬಾಗಿಲ ಸಂದಿಯಿಂದ ನೋಡುತ್ತಿರುವ ಮಗುವಿಗೆ ಆ ಹಾಳೆಯಲ್ಲಿ ಜಾಗ ಇರುವುದಿಲ್ಲ. ಈ ಹಾಡು ಆ ಜಾಗವನ್ನು ಅದಕ್ಕೆ ಕೊಡುತ್ತದೆ.

ಇಲ್ಲಿ ಒಂದು ವೈದ್ಯಕೀಯ ಸಂಗತಿಯನ್ನು ಹೇಳಬೇಕು. 1970ರ ದಶಕದಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಲೀ ರಾಬಿನ್ಸ್ ಎಂಬ ಸಂಶೋಧಕಿ ವಿಯೆಟ್ನಾಂನಿಂದ ಮರಳಿದ ಸೈನಿಕರನ್ನು ಅಧ್ಯಯನ ಮಾಡಿದರು. ಅಲ್ಲಿ ಹೆರಾಯಿನ್ ಚಟಕ್ಕೆ ಬಿದ್ದವರಲ್ಲಿ ಬಹುಪಾಲು ಮಂದಿ ಮನೆಗೆ ಬಂದ ಮೇಲೆ ಮತ್ತೆ ಅದರ ಗುಲಾಮರಾಗಲಿಲ್ಲ ಎಂಬುದು ಅವರು ಕಂಡುಕೊಂಡದ್ದು. ಪರಿಸರ ಬದಲಾದರೆ ಚಟ ಬಿಡಬಹುದು ಎಂಬ ಈ ತಿಳಿವಳಿಕೆ ನಮ್ಮ ವೃತ್ತಿಯಲ್ಲಿ ದೊಡ್ಡ ತಿರುವು. ಹಾಗಾದರೆ ಪ್ರೈನ್ ಅವರ ಹಾಡು ಸುಳ್ಳೇ? ಅಲ್ಲ. ರಾಬಿನ್ಸ್ ಎಣಿಸಿದ್ದು ಬಹುಪಾಲಿನವರನ್ನು. ಪ್ರೈನ್ ಹಾಡಿದ್ದು ಉಳಿದವರಲ್ಲಿ ಒಬ್ಬನನ್ನು. ಮನೆಗೆ ಬರುವುದೇ ಬಹಳ ಮಂದಿಗೆ ಔಷಧಿಯಾಯಿತು ಎಂದರೆ, ಮನೆಗೆ ಬಂದರೂ ವಾಸಿಯಾಗದವನ ಒಂಟಿತನ ಇನ್ನೂ ಆಳವಾದದ್ದು. ಇತ್ತೀಚಿನ ದಶಕಗಳಲ್ಲಿ ನೋವಿನ ಮಾತ್ರೆಗಳಿಂದ ಹರಡಿದ ವ್ಯಸನವನ್ನು ಕಂಡವರಿಗೆ ಈ ಹಾಡು ಹಳೆಯದೆನಿಸುವುದಿಲ್ಲ.

'ಪ್ಯಾರಡೈಸ್' ಎರಡನೆಯದು. ಇದು ರೂಪಕವಲ್ಲ, ಊರಿನ ಹೆಸರು. ಮ್ಯೂಲೆನ್‌ಬರ್ಗ್ ಕೌಂಟಿಯಲ್ಲಿ ಗ್ರೀನ್ ರಿವರ್ ದಂಡೆಯ ಮೇಲಿದ್ದ ಈ ಊರಿನ ಸುತ್ತ ತೆರೆದ ಗಣಿಗಾರಿಕೆ ನಡೆಯಿತು, ಪಕ್ಕದಲ್ಲಿ ಟೆನೆಸ್ಸಿ ವ್ಯಾಲಿ ಅಥಾರಿಟಿಯ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬಂತು. 1960ರ ದಶಕದ ಕೊನೆಗೆ ಉಳಿದ ಮನೆಗಳನ್ನೂ ಕೊಂಡು ಖಾಲಿ ಮಾಡಿಸಿದರು. ಮಗ ತಂದೆಯನ್ನು ಆ ಊರಿಗೆ ಕರೆದುಕೊಂಡು ಹೋಗೆಂದು ಕೇಳುತ್ತಾನೆ. ತಂದೆ, ತಡಮಾಡಿದೆ, ಊರೇ ಇಲ್ಲ ಎನ್ನುತ್ತಾನೆ. ಹಾಡಿನಲ್ಲಿ ಕಲ್ಲಿದ್ದಲು ಕಂಪನಿಯ ಹೆಸರೇ ಇದೆ. ಆದರೂ ಅದು ಆರೋಪಪಟ್ಟಿಯಾಗುವುದಿಲ್ಲ. ಹಾಡಿನ ಹೆಚ್ಚಿನ ಭಾಗ ಹುಡುಗರು ಹೊಳೆಯಲ್ಲಿ ಆಡಿದ ನೆನಪು. ಶರಾವತಿಯ ಮುಳುಗಡೆಯ ಬದುಕನ್ನು 'ದ್ವೀಪ' ಕಾದಂಬರಿಯಲ್ಲಿ ಬರೆದ ನಾ. ಡಿಸೋಜ ಅವರನ್ನು ಓದಿದವರಿಗೆ ಈ ಬಗೆಯ ದುಃಖ ಹೊಸದಲ್ಲ. ಊರು ಬಿಟ್ಟವನಿಗೆ ಊರು ಇರುತ್ತದೆ ಎಂಬ ಭರವಸೆಯಾದರೂ ಇರುತ್ತದೆ. ಊರೇ ಹೋದರೆ ಏನು ಮಾಡುವುದು?

ಪ್ರೈನ್ ಈ ಹಾಡನ್ನು ತಂದೆಗಾಗಿ ಬರೆದರು. ಧ್ವನಿಮುದ್ರಣವನ್ನು ಕೇಳಿಸಿದಾಗ ತಂದೆ ಎದ್ದು ಪಕ್ಕದ ಕೋಣೆಗೆ ಹೋಗಿ ಕೂತರಂತೆ, ಅಲ್ಲಿಂದ ಕೇಳಿದರೆ ಜ್ಯೂಕ್‌ಬಾಕ್ಸ್‌ನಲ್ಲಿ ಬಂದ ಹಾಗೆ ಇರುತ್ತದೆ ಎಂದು. ರೆಕಾರ್ಡ್ ಹೊರಬರುವ ಮೊದಲೇ ಅವರು ತೀರಿಕೊಂಡರು. ಇಂದು ಈ ಹಾಡನ್ನು ಬ್ಲೂಗ್ರಾಸ್ ಕೂಟಗಳಲ್ಲಿ ಹಾಡುವ ಎಷ್ಟೋ ಮಂದಿ ಅದನ್ನು ಹಳೆಯ ಕಾಲದ ಜನಪದ ಗೀತೆ ಎಂದೇ ತಿಳಿದಿದ್ದಾರೆ. ಬರೆದವನ ಹೆಸರು ಕಳಚಿಬಿದ್ದು ಹಾಡು ಮಾತ್ರ ಉಳಿಯುವುದು ಜನಪದ ಕವಿಗೆ ಸಿಗಬಹುದಾದ ದೊಡ್ಡ ಗೌರವ.

ಮೂರನೆಯದು 'ಹಲೋ ಇನ್ ದೇರ್'. ವಯಸ್ಸಾದ ಗಂಡಹೆಂಡತಿ. ಮಕ್ಕಳು ದೂರದೂರದ ಊರುಗಳಲ್ಲಿ. ಒಬ್ಬ ಕೊರಿಯಾ ಯುದ್ಧದಲ್ಲಿ ಸತ್ತಿದ್ದಾನೆ. ಮನೆಯಲ್ಲಿ ಮಾತು ಕಡಿಮೆಯಾಗಿದೆ. ಹಳೆಯ ಸಹೋದ್ಯೋಗಿಗೆ ಫೋನ್ ಮಾಡೋಣ ಎಂದುಕೊಂಡರೆ ಏನು ಹೇಳುವುದು ಎಂದು ತೋಚುವುದಿಲ್ಲ. ಇಷ್ಟೇ ಕಥೆ. ಹುಡುಗನಾಗಿದ್ದಾಗ ಪ್ರೈನ್ ಗೆಳೆಯನ ಜೊತೆ ಒಂದು ವೃದ್ಧಾಶ್ರಮಕ್ಕೆ ಪತ್ರಿಕೆ ಹಾಕಲು ಹೋಗುತ್ತಿದ್ದರು. ಅಲ್ಲಿನ ಕೆಲವು ಮುದುಕರು, ಬಂದ ಹುಡುಗ ತಮ್ಮ ಮೊಮ್ಮಗನೇ ಎಂಬಂತೆ ಪಕ್ಕದವರ ಮುಂದೆ ನಡೆದುಕೊಳ್ಳುತ್ತಿದ್ದರಂತೆ. ಆ ನೆನಪು ಈ ಹಾಡಿನ ಬೇರು.

ಇಪ್ಪತ್ತು ದಾಟಿದ ಹುಡುಗ ಎಪ್ಪತ್ತರ ಒಂಟಿತನವನ್ನು ಹೇಗೆ ಬರೆದ ಎಂದು ವಿಮರ್ಶಕರು ಅಚ್ಚರಿಪಟ್ಟಿದ್ದಾರೆ. ನನಗೆ ಅಚ್ಚರಿಯಾಗುವುದು ಬೇರೆ ವಿಷಯಕ್ಕೆ. ಈ ಹಾಡಿನಲ್ಲಿ ಮಕ್ಕಳ ಮೇಲೆ ದೂರು ಇಲ್ಲ. ಯಾರೂ ಯಾರನ್ನೂ ಕೈಬಿಟ್ಟಿಲ್ಲ. ಎಲ್ಲರೂ ಅವರವರ ಕೆಲಸ ಮಾಡಿಕೊಂಡಿದ್ದಾರೆ, ಆದರೂ ಮನೆ ಖಾಲಿಯಾಗಿದೆ. ಮುಪ್ಪಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಒಬ್ಬ ತಪ್ಪಿತಸ್ಥನನ್ನು ಹುಡುಕುತ್ತಾರೆ, ಹೆಚ್ಚಾಗಿ ಸೊಸೆ ಅಥವಾ ವಿದೇಶದಲ್ಲಿರುವ ಮಗ ಸಿಕ್ಕುತ್ತಾನೆ. ಪ್ರೈನ್ ಹುಡುಕಲಿಲ್ಲ. ಹಾಡು ಕೊನೆಗೆ ಕೇಳುಗನ ಕಡೆ ತಿರುಗಿ, ದಾರಿಯಲ್ಲಿ ಕಂಡ ವೃದ್ಧರನ್ನು ಮಾತನಾಡಿಸಿ ಎಂದಷ್ಟೇ ಕೇಳುತ್ತದೆ.

ಹೆಬ್ಬೆರಳಿನ ತಾಳ

ಪ್ರೈನ್ ದೊಡ್ಡ ಗಿಟಾರ್ ವಾದಕರಲ್ಲ ಎಂದು ಹೇಳುವುದು ರೂಢಿ. ಅವರೇ ಹಾಗೆ ಹೇಳಿಕೊಳ್ಳುತ್ತಿದ್ದರು. ಹೆಚ್ಚಿನ ಹಾಡುಗಳಿಗೆ ಮೂರೋ ನಾಲ್ಕೋ ಕಾರ್ಡ್‌ಗಳು ಸಾಕು. ಆದರೆ ಅವರ ಬಲಗೈಯನ್ನು ಗಮನಿಸಬೇಕು. ಹೆಬ್ಬೆರಳು ಎರಡು ಕೆಳಸ್ಥಾಯಿಯ ತಂತಿಗಳ ನಡುವೆ ಗಡಿಯಾರದ ಲೋಲಕದ ಹಾಗೆ ಹೋಗಿಬರುತ್ತದೆ. ಉಳಿದ ಬೆರಳು ಮೇಲಿನ ತಂತಿಗಳಲ್ಲಿ ರಾಗ ಹಿಡಿಯುತ್ತದೆ. ಈ ಶೈಲಿಗೆ ಮರ್ಲ್ ಟ್ರಾವಿಸ್ ಎಂಬ ಕಲಾವಿದರ ಹೆಸರು ಅಂಟಿಕೊಂಡಿದೆ. ಟ್ರಾವಿಸ್ ಹುಟ್ಟಿದ್ದು ಅದೇ ಮ್ಯೂಲೆನ್‌ಬರ್ಗ್ ಕೌಂಟಿಯಲ್ಲಿ, 1917ರಲ್ಲಿ. ಅವರಿಗಿಂತ ಹಿಂದೆ ಆ ಸೀಮೆಯ ಕಲ್ಲಿದ್ದಲು ಊರುಗಳಲ್ಲಿ ಆರ್ನಾಲ್ಡ್ ಷಲ್ಟ್ಸ್ ಎಂಬ ಕಪ್ಪು ಜನಾಂಗದ ವಾದಕರಿಂದ ಬಿಳಿಯ ವಾದಕರಿಗೆ ಈ ಬೆರಳಾಟ ಹರಿದು ಬಂತು. ಷಿಕಾಗೋದ ಹತ್ತಿರ ಬೆಳೆದ ಹುಡುಗನ ಹೆಬ್ಬೆರಳಿನಲ್ಲಿ ತಂದೆಯ ಊರು ಉಳಿದಿತ್ತು ಎನ್ನಬಹುದು.

ಈ ತಾಳಕ್ಕೆ ಇನ್ನೊಂದು ಪ್ರಯೋಜನವಿದೆ. ಅದು ಹೆಜ್ಜೆಯ ವೇಗದಲ್ಲಿ ಹೋಗುತ್ತದೆ, ಅಂಚೆಯವನ ನಡಿಗೆಯ ವೇಗ. ಹಾಡಿನಲ್ಲಿ ಯಾರೋ ಸತ್ತರೂ ಅದು ನಿಲ್ಲುವುದಿಲ್ಲ, ನಿಧಾನವಾಗುವುದಿಲ್ಲ. ಕೇಳುಗನಿಗೆ ಅಳು ಬರುವ ಜಾಗದಲ್ಲಿ ಗಿಟಾರ್ ಅಳುವುದಿಲ್ಲ. ಪ್ರೈನ್ ಅವರ ಹಾಡುಗಳು ಗೋಳಾಟವಾಗದಂತೆ ಕಾಪಾಡಿದ್ದು ಈ ಸಂಯಮ.

ಸ್ವಂತ ಅಂಗಡಿ

ಮೊದಲ ರೆಕಾರ್ಡಿನ ಮುಖಚಿತ್ರದಲ್ಲಿ ಪ್ರೈನ್ ಹುಲ್ಲಿನ ಹೊರೆಯ ಮೇಲೆ ಕೂತಿದ್ದಾರೆ. ಅದಕ್ಕೆ ಮುಂಚೆ ತಾವು ಹುಲ್ಲಿನ ಹೊರೆಯ ಮೇಲೆ ಕೂತವರೇ ಅಲ್ಲ ಎಂದು ಅವರು ನಗುತ್ತ ಹೇಳಿದ್ದಾರೆ. ಕಂಪನಿಗೆ ಒಬ್ಬ ಹಳ್ಳಿಗ ಬೇಕಿತ್ತು, ಆದ್ದರಿಂದ ನಗರದ ಅಂಚಿನ ಪೋಸ್ಟ್‌ಮ್ಯಾನ್ ಹಳ್ಳಿಗನಾದ. ಮುಂದಿನ ಒಂಬತ್ತು ವರ್ಷ ಎರಡು ದೊಡ್ಡ ಕಂಪನಿಗಳಿಗೆ, ಮೊದಲು ಅಟ್ಲಾಂಟಿಕ್, ಆಮೇಲೆ ಅಸೈಲಂ, ಏಳು ರೆಕಾರ್ಡ್ ಮಾಡಿದರು. ವಿಮರ್ಶಕರು ಹೊಗಳಿದರು. ಬೆಟ್ ಮಿಡ್ಲರ್, ಬಾನಿ ರೇಟ್ ಅವರಂಥವರು ಪ್ರೈನ್ ಹಾಡುಗಳನ್ನು ಹಾಡಿದರು. ಬಾನಿ ರೇಟ್ 1974ರಲ್ಲಿ ಹಾಡಿದ 'ಏಂಜಲ್ ಫ್ರಂ ಮಾಂಟ್ಗೊಮರಿ' ಇಂದಿಗೂ ಅವರ ಹೆಸರಿನ ಜೊತೆಗೇ ಬರುತ್ತದೆ. ಆದರೆ ಪ್ರೈನ್ ಅವರ ಸ್ವಂತ ರೆಕಾರ್ಡ್‌ಗಳು ಕಂಪನಿ ಬಯಸಿದಷ್ಟು ಮಾರಾಟವಾಗಲಿಲ್ಲ.

1981ರಲ್ಲಿ ಅವರು ಮ್ಯಾನೇಜರ್ ಆಲ್ ಬುನೆಟ್ಟಾ ಅವರ ಜೊತೆ ಸೇರಿ 'ಓ ಬಾಯ್ ರೆಕಾರ್ಡ್ಸ್' ಎಂಬ ಸ್ವಂತ ಕಂಪನಿ ತೆರೆದರು. ಇಂದು ಯಾರು ಬೇಕಾದರೂ ಮನೆಯಲ್ಲಿ ಕೂತು ಹಾಡು ಬಿಡುಗಡೆ ಮಾಡಬಹುದು, ಆಗ ಹಾಗಿರಲಿಲ್ಲ. ರೆಕಾರ್ಡ್ ಒತ್ತಿಸಬೇಕು, ಅಂಗಡಿಗಳಿಗೆ ತಲುಪಿಸಬೇಕು, ರೇಡಿಯೋದವರ ಕೃಪೆ ಬೇಕು. ಪ್ರೈನ್ ಇದೆಲ್ಲವನ್ನೂ ದಾಟಲು ತಮಗೆ ಚೆನ್ನಾಗಿ ಗೊತ್ತಿದ್ದ ದಾರಿಯನ್ನೇ ಹಿಡಿದರು: ಅಂಚೆ. ಅಭಿಮಾನಿಗಳು ಕಾಗದ ಬರೆದು ಚೆಕ್ ಕಳಿಸಿದರು. ರೆಕಾರ್ಡ್ ಅಂಚೆಯಲ್ಲಿ ಮನೆಗೆ ಹೋಯಿತು. 1984ರ 'ಏಮ್‌ಲೆಸ್ ಲವ್' ಹೀಗೆ ಜನರನ್ನು ಮುಟ್ಟಿತು. ಅದೇ ವರ್ಷ ಜೀವದ ಗೆಳೆಯ ಸ್ಟೀವ್ ಗುಡ್‌ಮನ್ ಲ್ಯುಕೀಮಿಯಾದಿಂದ ತೀರಿಕೊಂಡರು. 1991ರ 'ದ ಮಿಸ್ಸಿಂಗ್ ಇಯರ್ಸ್' ಗ್ರ್ಯಾಮಿ ಪ್ರಶಸ್ತಿ ತಂದಿತು, ಅದೂ ಸ್ವಂತ ಸಣ್ಣ ಕಂಪನಿಯಿಂದ ಬಂದ ರೆಕಾರ್ಡಿಗೆ.

ಸ್ವತಂತ್ರ ಕಲಾವಿದ ಎಂದರೆ ಬಂಡಾಯಗಾರ ಎಂಬ ಚಿತ್ರ ನಮ್ಮ ಕಣ್ಣ ಮುಂದೆ ಬರುತ್ತದೆ. ಪ್ರೈನ್ ಅವರ ಸ್ವಾತಂತ್ರ್ಯ ಅಂಥದ್ದಲ್ಲ. ಅದು ಸಣ್ಣ ಕ್ಲಿನಿಕ್ ನಡೆಸುವ ವೈದ್ಯನ ಸ್ವಾತಂತ್ರ್ಯದಂಥದ್ದು. ಎಷ್ಟು ರೋಗಿಗಳನ್ನು ನೋಡಬೇಕು, ಒಬ್ಬೊಬ್ಬರ ಜೊತೆ ಎಷ್ಟು ಹೊತ್ತು ಕೂರಬೇಕು ಎಂದು ತೀರ್ಮಾನಿಸುವವನು ತಾನೇ. ಹಾಡು ಬಂದಾಗ ಬರೆಯುವುದು, ಬಾರದಿದ್ದರೆ ಸುಮ್ಮನಿರುವುದು. 2005ರ 'ಫೇರ್ ಅಂಡ್ ಸ್ಕ್ವೇರ್' ಆದ ಮೇಲೆ ಹೊಸ ಸ್ವಂತ ಹಾಡುಗಳ ರೆಕಾರ್ಡ್ ಬಂದದ್ದು 2018ರಲ್ಲಿ. ಹದಿಮೂರು ವರ್ಷದ ಮೌನವನ್ನು ಯಾವ ದೊಡ್ಡ ಕಂಪನಿಯೂ ಸಹಿಸುತ್ತಿರಲಿಲ್ಲ.

ಬದಲಾದ ದನಿ

ಈ ಸ್ವಾತಂತ್ರ್ಯದ ನಿಜವಾದ ಪರೀಕ್ಷೆ ನಡೆದದ್ದು 1998ರಲ್ಲಿ. ಕುತ್ತಿಗೆಯ ಬಲಭಾಗದಲ್ಲಿ ಗಂಟು. ಪರೀಕ್ಷೆ ಮಾಡಿದಾಗ ಸ್ಕ್ವೇಮಸ್ ಸೆಲ್ ಕ್ಯಾನ್ಸರ್. ಹೂಸ್ಟನ್‌ನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ, ಆಮೇಲೆ ವಿಕಿರಣ ಚಿಕಿತ್ಸೆ. ಗಾಯಕರೆಂದು ತಿಳಿದು ಧ್ವನಿತಂತುಗಳನ್ನು ಹೇಗೆ ಉಳಿಸುವುದು ಎಂದು ವೈದ್ಯರು ಚಿಂತಿಸುತ್ತಿದ್ದರೆ, ಮಾತನಾಡಲು ಬಂದರೆ ಸಾಕು, ನನಗೆ ಹಾಡಲೂ ಬರುತ್ತದೆ ಎಂಬರ್ಥದ ಮಾತನ್ನು ಪ್ರೈನ್ ಆಡಿದರಂತೆ. ತಮ್ಮ ಹಾಡುಗಾರಿಕೆಯ ಬಗ್ಗೆ ಅವರಿಗೆ ಭ್ರಮೆಗಳಿರಲಿಲ್ಲ.

ವಿಕಿರಣ ಚಿಕಿತ್ಸೆ ಕುತ್ತಿಗೆಗೆ ಮಾಡುವುದೇನು ಎಂದು ಓದುಗರಿಗೆ ಸರಳವಾಗಿ ಹೇಳುತ್ತೇನೆ. ಲಾಲಾಗ್ರಂಥಿಗಳು ಒಣಗುತ್ತವೆ. ಸ್ನಾಯುಗಳು ಮತ್ತು ಅವುಗಳ ಸುತ್ತಲಿನ ಅಂಗಾಂಶ ಬಿಗಿದು ಗಡುಸಾಗುತ್ತವೆ. ಧ್ವನಿಪೆಟ್ಟಿಗೆಗೂ ಕಿರಣ ತಾಗಿದರೆ ತಂತುಗಳು ಮೊದಲಿನ ಹಾಗೆ ನವಿರಾಗಿ ಕಂಪಿಸುವುದಿಲ್ಲ. ಪ್ರೈನ್ ಅವರ ದನಿ ತಗ್ಗಿತು, ಜಲ್ಲಿಕಲ್ಲಿನ ಮೇಲೆ ಗಾಡಿ ಹೋದ ಹಾಗಾಯಿತು. ಕುತ್ತಿಗೆಯ ಆಕಾರವೇ ಬದಲಾಯಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ವೇದಿಕೆ ಏರಲಿಲ್ಲ. ಏರಿದಾಗ ಹಳೆಯ ಹಾಡುಗಳನ್ನು ಕೆಳಗಿನ ಶ್ರುತಿಗೆ ಇಳಿಸಿಕೊಳ್ಳಬೇಕಾಯಿತು. ಶ್ರುತಿ ಇಳಿಸಿದಾಗ ಆ ಹಾಡುಗಳು ತಮಗೇ ಹೊಸದಾಗಿ ಕೇಳಿದವು ಎಂದು ಅವರು ಹೇಳಿದ್ದಾರೆ.

ನನ್ನ ವಾದ ಇದು: ಪ್ರೈನ್ ಅವರ ಹಾಡುಗಳು ಈ ದನಿಗಾಗಿಯೇ ಕಾದಿದ್ದವು. ಇದನ್ನು ಅನುಕಂಪ ಎಂದು ತಳ್ಳಿಹಾಕುವವರು ಒಂದು ಪ್ರಯೋಗ ಮಾಡಬಹುದು. 2000ದಲ್ಲಿ ಅವರು 'ಸೂವನೀರ್ಸ್' ಎಂಬ ರೆಕಾರ್ಡಿನಲ್ಲಿ ತಮ್ಮ ಹಳೆಯ ಹಾಡುಗಳನ್ನೇ ಮತ್ತೆ ಹಾಡಿ ಮುದ್ರಿಸಿದರು. ಹಳೆಯ ಮುದ್ರಣಗಳ ಒಡೆತನ ದೊಡ್ಡ ಕಂಪನಿಗಳದು. ಈ ಹೊಸ ಮುದ್ರಣಗಳು ಅವರ ಸ್ವಂತ ಕಂಪನಿಯವು. ವ್ಯಾಪಾರದ ದೃಷ್ಟಿಯಿಂದ ಜಾಣತನ. ವಿಮರ್ಶೆಯ ದೃಷ್ಟಿಯಿಂದ ನಮಗೆ ಅಪರೂಪದ ಅವಕಾಶ: ಒಂದೇ ಹಾಡು, ಒಂದೇ ಮನುಷ್ಯ, ನಡುವೆ ಇಪ್ಪತ್ತೊಂಬತ್ತು ವರ್ಷ ಮತ್ತು ಒಂದು ಕ್ಯಾನ್ಸರ್. 1971ರ 'ಹಲೋ ಇನ್ ದೇರ್' ಕೇಳಿ, ಆಮೇಲೆ 2000ದ್ದನ್ನು ಕೇಳಿ. ಮೊದಲನೆಯದರಲ್ಲಿ ಮೂಗಿನಿಂದ ಬರುವ ಎಳೆಯ ದನಿ. ಮುದುಕರನ್ನು ಕಂಡು ಮರುಗುವ ಹುಡುಗನೊಬ್ಬ ಕಾಣುತ್ತಾನೆ. ಎರಡನೆಯದರಲ್ಲಿ ಮರುಕ ಕಡಿಮೆ. ಆ ಮುದುಕನೇ ಎದುರು ಕುರ್ಚಿಯಲ್ಲಿ ಕೂತು ತನ್ನ ಮನೆಯ ವಿಷಯ ಹೇಳುತ್ತಾನೆ. ಸಾಲುಗಳ ಕೊನೆಯಲ್ಲಿ ಉಸಿರು ತುಂಡಾಗುತ್ತದೆ. ಆ ತುಂಡಾದ ಜಾಗವೇ ಹಾಡಿನ ಅರ್ಥವನ್ನು ಹೊರುತ್ತದೆ. 'ಸ್ಯಾಮ್ ಸ್ಟೋನ್' ಮಟ್ಟಿಗೆ ಹಾಗಲ್ಲ, ಅದರಲ್ಲಿ ಹಳೆಯ ಮುದ್ರಣವೇ ಮೇಲು. ಅಲ್ಲಿ ಮಗುವಿನ ಮಾತು ಬರುತ್ತದೆ, ಎಳೆಯ ದನಿ ಅದಕ್ಕೆ ಹತ್ತಿರ.

ಆ ದನಿಯನ್ನು ಕೇಳಿ ಯಾವ ಕಂಪನಿಯೂ ಹೊಸ ಕರಾರು ಮಾಡುತ್ತಿರಲಿಲ್ಲ ಎಂದೇ ನನ್ನ ಅನಿಸಿಕೆ. ಸ್ವಂತ ಅಂಗಡಿ ಇದ್ದುದರಿಂದ ಅಂಗಡಿಯ ಬಾಗಿಲು ಮುಚ್ಚಲಿಲ್ಲ.

ಸೋತ ಕಡೆಗಳು

ಹೊಗಳಿಕೆಯೇ ವಿಮರ್ಶೆಯಲ್ಲ. ಪ್ರೈನ್ ಸೋತ ಕಡೆಗಳೂ ಇವೆ. 1979ರ 'ಪಿಂಕ್ ಕ್ಯಾಡಿಲಾಕ್' ರೆಕಾರ್ಡಿನಲ್ಲಿ ವಾದ್ಯಗಳ ಗದ್ದಲದಲ್ಲಿ ಪದಗಳು ಮುಳುಗುತ್ತವೆ. ಪದವೇ ಬಂಡವಾಳವಾದವನಿಗೆ ಇದು ದೊಡ್ಡ ನಷ್ಟ. ಅವರ ತಮಾಷೆಯ ಹಾಡುಗಳಲ್ಲಿ ಕೆಲವು ಮೊದಲ ಸಲ ನಗಿಸುತ್ತವೆ, ಮೂರನೆಯ ಸಲ ನಗಿಸುವುದಿಲ್ಲ.

ಇನ್ನೊಂದು ದೌರ್ಬಲ್ಯ, ಅಭಿಪ್ರಾಯವನ್ನು ನೇರವಾಗಿ ಹೇಳಲು ಹೊರಟಾಗ ಕಾಣುವುದು. 1971ರ ರೆಕಾರ್ಡಿನಲ್ಲಿ ಕಾರಿನ ಗಾಜಿಗೆ ಧ್ವಜದ ಚೀಟಿ ಅಂಟಿಸಿ ದೇಶಭಕ್ತರಾಗುವವರ ಮೇಲೆ ಅವರದು ಒಂದು ಹಾಡು ಇದೆ. ಅಲ್ಲಿ ಚೀಟಿ ಅಂಟಿಸುವವನೇ ಕಥಾನಾಯಕ, ಅವನು ಪೆದ್ದ, ಆದರೆ ದುಷ್ಟನಲ್ಲ. ಅವನ ಜೊತೆ ನಾವೂ ನಗುತ್ತೇವೆ. 2005ರ 'ಸಮ್ ಹ್ಯೂಮನ್ಸ್ ಏಂಟ್ ಹ್ಯೂಮನ್' ಹಾಡಿನಲ್ಲಿ ಹಾಡುವವನು ಒಳ್ಳೆಯವರ ಸಾಲಿನಲ್ಲಿ ನಿಂತು ಕೆಟ್ಟವರತ್ತ ಬೆರಳು ತೋರಿಸುತ್ತಾನೆ. ಅವರ ಅಭಿಪ್ರಾಯವನ್ನು ಒಪ್ಪುವವರಿಗೂ ಅದು ಉದ್ದವಾಯಿತು ಎನಿಸುತ್ತದೆ. ಎಲ್ಲರ ಮನೆಗೂ ಕಾಗದ ಹಾಕಬೇಕಾದವನು ಅಂಚೆಯವನು. ಕೆಲವು ಮನೆಗಳನ್ನು ಬಿಟ್ಟು ನಡೆದಾಗ ಅವರ ಹಾಡು ಬಡವಾಯಿತು.

ಅವರು ಗೆದ್ದದ್ದು ಬೇರೆಯವರ ಚರ್ಮದೊಳಗೆ ಹೊಕ್ಕು ಹಾಡಿದಾಗ. 'ಏಂಜಲ್ ಫ್ರಂ ಮಾಂಟ್ಗೊಮರಿ' ಮಧ್ಯವಯಸ್ಸಿನ ಗೃಹಿಣಿಯೊಬ್ಬಳ ಮಾತು, ಮೊದಲಿನಿಂದ ಕೊನೆಯವರೆಗೆ 'ನಾನು' ಎಂದೇ. ಗಂಡಸು ಹೆಣ್ಣಾಗಿ ಹಾಡುವುದು ವಚನ, ಕೀರ್ತನೆಗಳನ್ನು ಕೇಳಿ ಬೆಳೆದ ನಮಗೆ ಸಹಜವೆನಿಸುತ್ತದೆ. ನಮ್ಮಲ್ಲಿ ಅದು ದೇವರ ಮುಂದೆ. ಪ್ರೈನ್ ಅವರ ನಾಯಕಿಯ ಎದುರು ದೇವರಿಲ್ಲ, ಅಡುಗೆಮನೆಯ ಸಿಂಕ್ ಇದೆ, ಮಾತಾಡದ ಗಂಡ ಇದ್ದಾನೆ.

ಕೊನೆಯ ವರ್ಷಗಳು

2013ರಲ್ಲಿ ಎಡ ಶ್ವಾಸಕೋಶದಲ್ಲಿ ಕ್ಯಾನ್ಸರ್ ಕಂಡಿತು. ಒಂದು ಭಾಗವನ್ನು ತೆಗೆಯಬೇಕಾಯಿತು. ಅವರು ಬಹುಕಾಲ ಸಿಗರೇಟು ಸೇದಿದವರು. ಚೇತರಿಕೆಯ ಕಾಲದಲ್ಲಿ ಫಿಸಿಯೋಥೆರಪಿಯವರು ಅವರನ್ನು ಮೆಟ್ಟಿಲು ಹತ್ತಿಸಿ ಇಳಿಸಿ, ಏದುಸಿರು ಬರುತ್ತಿರುವಾಗಲೇ ಗಿಟಾರ್ ಕೈಗೆ ಕೊಟ್ಟು ಹಾಡಿಸುತ್ತಿದ್ದರಂತೆ. ರೋಗಿಯ ಬದುಕಿಗೆ ಹೊಂದುವ ಹಾಗೆ ವ್ಯಾಯಾಮ ಹೇಳಿಕೊಡುವುದು ಎಂದರೆ ಇದೇ.

2018ರ 'ದ ಟ್ರೀ ಆಫ್ ಫರ್ಗಿವ್‌ನೆಸ್' ಬಿಲ್‌ಬೋರ್ಡ್ ಪಟ್ಟಿಯಲ್ಲಿ 5ನೆಯ ಸ್ಥಾನಕ್ಕೆ ಏರಿತು, ಅವರ ಇಡೀ ವೃತ್ತಿಯಲ್ಲೇ ಅತಿ ಎತ್ತರ. ಆಗ ಅವರಿಗೆ 71 ವರ್ಷ. ಅದರ ಕೊನೆಯ ಹಾಡಿನಲ್ಲಿ ಸತ್ತ ಮೇಲೆ ಸ್ವರ್ಗದಲ್ಲಿ ಏನೇನು ಮಾಡುತ್ತೇನೆ ಎಂದು ಪಟ್ಟಿ ಹಾಕುತ್ತಾರೆ. ಭೂಮಿಯ ಮೇಲೆ ವೈದ್ಯರು ಬೇಡವೆಂದದ್ದೆಲ್ಲ ಅದರಲ್ಲಿದೆ, ಸಿಗರೇಟು ಕೂಡ. ವೈದ್ಯನಾಗಿ ನಾನು ತಲೆಯಾಡಿಸಬೇಕು. ಕೇಳುಗನಾಗಿ ನಗು ತಡೆಯಲಾಗುವುದಿಲ್ಲ. ಎರಡು ಕ್ಯಾನ್ಸರ್ ಕಂಡವನು ಸಾವಿನ ಬಗ್ಗೆ ಮಾಡಿದ ತಮಾಷೆಗೆ ಬೇರೆ ತೂಕವಿದೆ.

2020ರ ಫೆಬ್ರವರಿಯಲ್ಲಿ ಪ್ಯಾರಡೈಸ್ ಊರಿದ್ದ ಜಾಗದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಕೊನೆಯ ಘಟಕವನ್ನು ಮುಚ್ಚಿದರು. ಮಾರ್ಚ್ ಕೊನೆಯಲ್ಲಿ ಪ್ರೈನ್ ಕೋವಿಡ್‌ನಿಂದ ನ್ಯಾಷ್‌ವಿಲ್‌ನ ಆಸ್ಪತ್ರೆ ಸೇರಿದರು. ಏಪ್ರಿಲ್ 7ರಂದು ತೀರಿಕೊಂಡರು, 73ನೆಯ ವಯಸ್ಸಿನಲ್ಲಿ. ಶ್ವಾಸಕೋಶದ ಒಂದು ಭಾಗ ಇಲ್ಲದ ಮನುಷ್ಯನಿಗೆ ಆ ವೈರಸ್ ಏನು ಮಾಡೀತು ಎಂದು ಆ ತಿಂಗಳುಗಳಲ್ಲಿ ವಾರ್ಡುಗಳಲ್ಲಿ ಕೆಲಸ ಮಾಡಿದ ನಮ್ಮ ಸದಸ್ಯರಿಗೆ ಹೇಳಬೇಕಾಗಿಲ್ಲ. ಅವರು ಕೊನೆಯದಾಗಿ ಮುದ್ರಿಸಿದ 'ಐ ರಿಮೆಂಬರ್ ಎವೆರಿಥಿಂಗ್' ಹಾಡಿಗೆ ಮರುವರ್ಷ ಎರಡು ಗ್ರ್ಯಾಮಿ ಬಂದವು.

ಈ ಲೇಖನವನ್ನು ನಮ್ಮ ಸಂಘದ ಸಂಚಿಕೆಗೆ ಬರೆಯಲು ಒಂದು ಕಾರಣವಿದೆ. ನಾವು ಈ ದೇಶಕ್ಕೆ ಬಂದಾಗ ಯುವಕರು. 'ಹಲೋ ಇನ್ ದೇರ್' ಕೇಳಿದ್ದರೆ ಊರಿನಲ್ಲಿ ಬಿಟ್ಟುಬಂದ ಅಪ್ಪ ಅಮ್ಮ ನೆನಪಾಗುತ್ತಿದ್ದರು. ಈಗ ಅವರಲ್ಲಿ ಬಹಳ ಮಂದಿ ಇಲ್ಲ. ನಾವೇ ಆ ಹಾಡಿನ ಒಳಗೆ ಬಂದಿದ್ದೇವೆ. ಮಕ್ಕಳು ಸಿಯಾಟಲ್‌ನಲ್ಲಿ, ಡಲ್ಲಾಸ್‌ನಲ್ಲಿ. ನಾಲ್ಕು ಬೆಡ್‌ರೂಮಿನ ಮನೆಯಲ್ಲಿ ಇಬ್ಬರು, ಕೆಲವು ಮನೆಗಳಲ್ಲಿ ಒಬ್ಬರೇ. ಯುಗಾದಿಗೂ ರಾಜ್ಯೋತ್ಸವಕ್ಕೂ ನಡುವಿನ ತಿಂಗಳುಗಳಲ್ಲಿ ಅವರನ್ನು ಮಾತನಾಡಿಸುವವರು ಯಾರು? ಸಂಘದ ಸದಸ್ಯರ ಪಟ್ಟಿಯಲ್ಲಿ ಈಚೆಗೆ ಕಾರ್ಯಕ್ರಮಕ್ಕೆ ಬಾರದ ಹಿರಿಯರ ಹೆಸರುಗಳನ್ನು ಗುರುತು ಮಾಡಿ, ವಾರಕ್ಕೆ ಒಬ್ಬರಿಗೆ ಫೋನ್ ಮಾಡುವುದು ದೊಡ್ಡ ಕೆಲಸವಲ್ಲ. ಮೊದಲ ರೆಕಾರ್ಡ್ ಮತ್ತು 'ಸೂವನೀರ್ಸ್' ಎರಡನ್ನೂ ತರಿಸಿಕೊಂಡು ಕೇಳಿ. ಕೇಳುವಾಗ ಮೊಮ್ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಪದಗಳು ಅವರಿಗೆ ನಮಗಿಂತ ಬೇಗ ಅರ್ಥವಾಗುತ್ತವೆ.